ವರ್ಷಪೂರ್ತಿ ಮನೆಮನೆಯೋರು ಸೇರಿ ನೊವೇನಾ ಮಾಡೋದು ಹೇಗೆ? (ದಾವಣಗೆರೆ)

ನೀವು ಕೇಳಿರೋದು ಇಷ್ಟು: ದಾವಣಗೆರೆಗೆ ಹೊಸದಾಗಿ ಬಂದಿದೀರ, ಅಕ್ಕಪಕ್ಕದ ಏಳೆಂಟು ಕಥೋಲಿಕ ಮನೆಯೋರು ಸೇರಿ ವರ್ಷವಿಡೀ ಒಂದಾದ್ಮೇಲೆ ಒಂದು ನೊವೇನಾ (ಒಂಬತ್ತು ದಿನ ಬಿಡದೆ ಮಾಡೋ ಪ್ರಾರ್ಥನೆ) ಮಾಡೋಣ ಅಂತ ಮಾತಾಡ್ಕೊಂಡಿದೀರ, ಯಾವ್ಯಾವ್ದು ಇಟ್ಕೋಬೇಕು, ಮಧ್ಯೆ ಒಂದಿನ ತಪ್ಪಿದ್ರೆ ಮೊದಲಿಂದ ಶುರು ಮಾಡ್ಬೇಕಾ ಅಂತ. ನಾನು ಇಲ್ಲೇ ಹುಟ್ಟಿ ಬೆಳೆದೋಳು, ನಮ್ಮ ಬೀದೀಲೂ ಇಂಥದ್ದೊಂದು ಗುಂಪು ಇದೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಬೇಜಾರು ಮಾಡ್ಕೋಬೇಡ್ರಿ.

ಮೊದ್ಲು ಆ "ಒಂದಾದ್ಮೇಲೆ ಒಂದು" ಅನ್ನೋದನ್ನ ಬಿಟ್ಬಿಡ್ರಿ. ಕ್ಯಾಲೆಂಡರ್ ತೆಗೆದು ನೋಡಿದ್ರೆ ಯಾವ ತಿಂಗಳಲ್ಲೂ ಸಂತರ ಹಬ್ಬಕ್ಕೆ ಬರ ಇಲ್ಲ, ಎಲ್ಲಾದಕ್ಕೂ ಒಂಬತ್ತೊಂಬತ್ತು ದಿನ ಅಂತ ಹೊರಟ್ರೆ ಎರಡನೇ ತಿಂಗಳಿಗೇ ಗುಂಪಲ್ಲಿ ಇಬ್ಬರು ಅಜ್ಜೀರು ಮಾತ್ರ ಉಳೀತಾರೆ, ಅವರೂ ಸೀರಿಯಲ್ ಟೈಮ್ ನೋಡ್ಕೊಂಡು ಬರ್ತಾರೆ. ವರ್ಷಕ್ಕೆ ಐದಾರು ಸಾಕು. ನೊವೇನಾ ಕಮ್ಮಿ ಇರ್ಲಿ, ಬರೋ ಮನೆ ಜಾಸ್ತಿ ಇರ್ಲಿ, ನಾನು ಹೇಳೋದು ಇದೇ.

ಯಾವ್ದು ಆರಿಸ್ಕೊಳ್ಳೋದು ಅಂದ್ರೆ, ಮೂರಂತೂ ಬಿಡ್ಲೇಬೇಡಿ: ಪೆಂತೆಕೋಸ್ತ್ (ಪ್ರೇಷಿತರ, ಅಂದ್ರೆ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ಹಬ್ಬ), ಅಮಲೋದ್ಭವ ಮಾತೆ (ಮರಿಯಮ್ಮ ಪಾಪದ ಕಲೆ ಇಲ್ದೇ ಗರ್ಭದಲ್ಲಿ ಮೂಡಿದ್ರು ಅನ್ನೋ ಹಬ್ಬ), ಕ್ರಿಸ್ಮಸ್. ಈ ಮೂರನ್ನ ಸಾರ್ವಜನಿಕವಾಗಿ ಮಾಡಿದ್ರೆ ಭಕ್ತಿಯಿಂದ ಭಾಗವಹಿಸಿದೋರಿಗೆ ಭಾಗಶಃ ಇಂಡಲ್ಜೆನ್ಸ್ (ಪಾಪಕ್ಕೆ ಉಳಿದಿರೋ ಶಿಕ್ಷೇಲಿ ವಿನಾಯ್ತಿ) ಇದೆ ಅಂತ ಧರ್ಮಸಭೆಯ ಇಂಡಲ್ಜೆನ್ಸ್ ಪುಸ್ತಕದಲ್ಲೇ ಇದೆ. ಎಲ್ಲಾ ನೊವೇನಾಗೂ ಮೂಲ ಅನ್ನೋದು ಪೆಂತೆಕೋಸ್ತಿನದ್ದೇ, ಯೇಸು ಸ್ವರ್ಗಕ್ಕೆ ಏರಿದ್ಮೇಲೆ ಪ್ರೇಷಿತರೂ ಮಾತೆ ಮರಿಯಮ್ಮನೂ ಒಟ್ಟಾಗಿ ಪ್ರಾರ್ಥನೆ ಮಾಡ್ತಾ ಕಾದಿದ್ರು ಅಂತ ಬೈಬಲ್‌ನ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಬರುತ್ತಲ್ಲ, ಆ ದಿನಗಳು. 1897ರಲ್ಲಿ ಹದಿಮೂರನೇ ಲಿಯೋ ಪೋಪ್ ಇದನ್ನ ಎಲ್ಲಾ ಧರ್ಮಕೇಂದ್ರಗಳಲ್ಲೂ ಮಾಡ್ಬೇಕು ಅಂತ ಪತ್ರ ಬರೆದ್ರು. ಆದ್ರೂ ನಮ್ಮಲ್ಲಿ ಜಾಸ್ತಿ ಜನ ಮರೆಯೋದು ಇದನ್ನೇ, ಯಾಕಂದ್ರೆ ಇದಕ್ಕೆ ತೇರಿಲ್ಲ, ಲೈಟಿಂಗ್ ಇಲ್ಲ, ಮೇ ರಜೆಗೆ ಅರ್ಧ ಜನ ಊರಿಗೆ ಹೋಗಿರ್ತಾರೆ! ಪೆಂತೆಕೋಸ್ತ್ ಭಾನುವಾರದ ಹಿಂದಿನ ವಾರದ ಶುಕ್ರವಾರ ಶುರು ಮಾಡಿದ್ರೆ ಶನಿವಾರಕ್ಕೆ ಸರಿಯಾಗಿ ಒಂಬತ್ತು ಆಗುತ್ತೆ. ಅಮಲೋದ್ಭವ ಮಾತೆದು ನವೆಂಬರ್ 29ಕ್ಕೆ, ಕ್ರಿಸ್ಮಸ್‌ದು ಡಿಸೆಂಬರ್ 16ಕ್ಕೆ.

ಇದರ ಮೇಲೆ ಆರೋಗ್ಯಮಾತೆದು (ಮರಿಯಮ್ಮನ್ನೇ ಹಂಗೆ ಕರೆಯೋದು) ಒಂದು, ಆಗಸ್ಟ್ 30ರಿಂದ ಸೆಪ್ಟೆಂಬರ್ 7ರ ತನಕ, 8ಕ್ಕೆ ಹಬ್ಬ. ದಾವಣಗೆರೆಲಿ ಇದ್ಕೊಂಡು ಇದನ್ನ ಬಿಡೋ ಮಾತೇ ಇಲ್ಲ, ಪಕ್ಕದ ಹರಿಹರದಲ್ಲೇ ಆರೋಗ್ಯಮಾತೆ ಪುಣ್ಯಕ್ಷೇತ್ರ ಇದೆ, ಒಂಬತ್ತರಲ್ಲಿ ಒಂದಿನ ಎಲ್ಲಾರೂ ಸೇರಿ ಬಸ್ ಹತ್ತಿ ಅಲ್ಲೇ ಹೋಗಿ ಮುಗಿಸ್ಕೊಂಡು ಬರ್ರಿ. ಮಂಗಳೂರು ಕಡೆಯೋರು ಗುಂಪಲ್ಲಿದ್ರೆ ಅವರಿಗದು ಮೊಂತಿ ಹಬ್ಬ, ಹೊಸ ತೆನೆ, ಮಕ್ಕಳ ಕೈಲಿ ಹೂವು, ಅವರೇ ಮುಂದೆ ನಿಂತು ನಡೆಸ್ತಾರೆ. ಆಮೇಲೆ ಸಂತ ಅಂತೋಣಿ, ಜೂನ್ 13ಕ್ಕೆ ಹಬ್ಬ, 4ಕ್ಕೆ ಶುರು. ಮಾರ್ಚ್ 19ರ ಸಂತ ಜೋಸೆಫರದ್ದು ನಂಗೆ ಇಷ್ಟ, ಆದ್ರೆ ಅದು ಪರೀಕ್ಷೆ ಟೈಮು, ಎಸ್ಸೆಸ್ಸೆಲ್ಸಿ ಪಿಯುಸಿ ಮಕ್ಕಳಿರೋ ಮನೇಲಿ ಗುಂಪು ಸೇರಿಸಿದ್ರೆ ಪುಣ್ಯಕ್ಕಿಂತ ಶಾಪ ಜಾಸ್ತಿ, ಹಂಗಾಗಿ ಬೇಕಿದ್ರೆ ಹದಿನೈದು ನಿಮಿಷದಲ್ಲಿ ಮುಗಿಸ್ರಿ.

ದೈವ ಕರುಣೆಯದ್ದು ಬೇಕು ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಶುಭ ಶುಕ್ರವಾರ ಶುರುವಾಗಿ ಪಾಸ್ಖ (ಈಸ್ಟರ್) ಆದ್ಮೇಲಿನ ಶನಿವಾರ ಮುಗಿಯುತ್ತೆ, ಮಾರನೇ ದಿನ ಕರುಣೆಯ ಭಾನುವಾರ. 2000ದ ಏಪ್ರಿಲ್ 30ಕ್ಕೆ ಎರಡನೇ ಜಾನ್ ಪಾಲ್ ಪೋಪ್, ಈ ಭಕ್ತಿ ಹರಡಿದ ಸಿಸ್ಟರ್ ಫೌಸ್ತೀನಾ ಅವರನ್ನ ಸಂತರು ಅಂತ ಘೋಷಿಸಿದಾಗಲೇ ಆ ಭಾನುವಾರವನ್ನ ಇಡೀ ಧರ್ಮಸಭೆಗೆ ಕರುಣೆಯ ಭಾನುವಾರ ಅಂತ ಮಾಡಿದ್ದು. ಮಧ್ಯಾಹ್ನ ಮೂರು ಗಂಟೆಗೇ ಮಾಡ್ಬೇಕು ಅಂತ ಹಠ ಬೇಡ, ಏಪ್ರಿಲ್ ಮೂರು ಗಂಟೆ ಬಿಸಿಲು ಇಲ್ಲಿ ಹೇಗಿರುತ್ತೆ ಅಂತ ಬಂದ ವರ್ಷನೇ ನಿಮ್ಗೆ ಗೊತ್ತಾಗುತ್ತೆ, ಸಂಜೆ ಮಾಡ್ರಿ.

ಒಂಬತ್ತು ದಿನ ಸತತವಾಗಿ ಆಗೋದೇ ಇಲ್ಲ ಅನ್ನೋರಿಗೆ ವಾರದ ನೊವೇನಾ ಇದೆ. ಮಂಗಳವಾರ ಅಂತೋಣಿಯವರದ್ದು, ಬುಧವಾರ ನಿತ್ಯಾಧಾರ ಮಾತೆದು (ಇದೂ ಮರಿಯಮ್ಮನ ಹೆಸರೇ), ಗುರುವಾರ ಬಾಲಯೇಸುದು. ನಿತ್ಯಾಧಾರ ಮಾತೆದು ಈ ವಾರದ ರೂಪದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶುರುವಾಯ್ತು, ಮುಂಬೈ ಮಾಹಿಮ್‌ನಲ್ಲಿ 1948ರಿಂದ ನಡೀತಿದೆ. ಅಂಗಡಿ ಇರೋರು, ಆಸ್ಪತ್ರೆಲಿ ಶಿಫ್ಟ್ ಡ್ಯೂಟಿ ಇರೋರಿಗೆ ಇದೇ ಸರಿ, ವಾರಕ್ಕೊಂದಿನ ಹಂಗೆ ಒಂಬತ್ತು ವಾರ. ನಮ್ಮ ಗುಂಪು ಉಳಿದಿರೋದೇ ಬುಧವಾರದಿಂದ, ದೊಡ್ಡ ನೊವೇನಾಗಳ ನಡುವೆ ಎರಡ್ಮೂರು ತಿಂಗಳು ಖಾಲಿ ಬಿದ್ರೆ ಜನ ಒಬ್ಬರ ಮುಖ ಒಬ್ಬರು ನೋಡೋದೇ ನಿಂತೋಗುತ್ತೆ.

ಈಗ ತಪ್ಪಿದ ದಿನದ ವಿಷ್ಯ. ಮೊದಲಿಂದ ಶುರು ಮಾಡ್ಬೇಕಾಗಿಲ್ಲ. ನೊವೇನಾ ಅನ್ನೋದು ಭಕ್ತಿ, ಹರಕೆ ಹೊತ್ತಿದ್ರೆ ಬೇರೆ ಮಾತು, ಇಲ್ದಿದ್ರೆ ಮಾರನೇ ದಿನ ಬಂದು ಮುಂದುವರೆಸ್ರಿ. ಬರೀ ಹೊರಗಿನ ಆಚರಣೆ ಸರಿಯಾಗಿ ಮಾಡಿದ್ರೇನೇ ಫಲ ಅನ್ನೋದನ್ನ ಕಥೋಲಿಕ ಧರ್ಮೋಪದೇಶ (ಕ್ಯಾಟೆಕಿಸಂ ಪುಸ್ತಕ) 2111ನೇ ಪ್ಯಾರಾದಲ್ಲಿ ಮೂಢನಂಬಿಕೆ ಅಂತಲೇ ಕರೆಯುತ್ತೆ. "ಒಂಬತ್ತು ಜನಕ್ಕೆ ಕಳಿಸಿ, ಒಂಬತ್ತನೇ ದಿನ ಶುಭಸುದ್ದಿ" ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅಂಥದ್ದು ನಿಮ್ಮ ಗುಂಪಿಗೆ ಬಂದ ತಕ್ಷಣ ಡಿಲೀಟ್ ಮಾಡ್ರಿ, ಕಳಿಸಿದೋರು ಹಿರಿಯರಾದ್ರೂ ಸರಿ. ನೈಟ್ ಡ್ಯೂಟಿ ಇರೋ ನರ್ಸ್‌ಗಳಿಗೆ ಆ ದಿನದ ಪ್ರಾರ್ಥನೆಯ ಪುಟ ಫೋಟೋ ತೆಗೆದು ಕಳಿಸಿದ್ರೆ ಅವರು ಬಿಡುವಾದಾಗ ಅಲ್ಲೇ ಹೇಳ್ಕೊಳ್ತಾರೆ.

ನಿಜವಾದ ತಲೆನೋವು ಇದ್ಯಾವ್ದೂ ಅಲ್ಲ, ತಿಂಡಿ. ನಗಬೇಡ್ರಿ. ಮನೆಮನೆ ತಿರುಗಿ ಮಾಡಿದ್ರೆ ಮೊದಲನೇ ಮನೇಲಿ ಟೀ ಬಿಸ್ಕತ್ತು, ಎರಡನೇ ಮನೇಲಿ ಮಂಡಕ್ಕಿ ಮಿರ್ಚಿ, ನಾಲ್ಕನೇ ಮನೆಗೆ ಬರೋಷ್ಟೊತ್ತಿಗೆ ಕೇಸರಿಬಾತ್ ಉಪ್ಪಿಟ್ಟು, ಕೊನೆಗೆ ಪಲಾವ್. ಆಗ ಒಂದೇ ರೂಮಿನ ಬಾಡಿಗೆ ಮನೇಲಿರೋ ಕುಟುಂಬ "ಈ ಸಲ ನಮ್ಮನೆ ಬೇಡ, ನೆಂಟರು ಬಂದಿದಾರೆ" ಅಂತ ಜಾರ್ಕೊಳ್ಳುತ್ತೆ, ಮುಂದಿನ ಸಲ ಪ್ರಾರ್ಥನೆಗೂ ಬರಲ್ಲ. ನಮ್ಮಲ್ಲಿ ಒಬ್ಬರು ಹಿರಿಯರು ಎಲ್ಲಾರ ಮುಂದೆ ಹೇಳೇಬಿಟ್ರು, "ನೀರು ಕೊಡಿ ಸಾಕು, ಅದಕ್ಕಿಂತ ಹೆಚ್ಚು ಕೊಟ್ಟೋರ ಮನೆಗೆ ನಾನು ಬರಲ್ಲ" ಅಂತ. ಸ್ವಲ್ಪ ದಿನ ಕೆಲವರಿಗೆ ಮುನಿಸು ಇತ್ತು, ಆದ್ರೆ ಬಾರದೇ ಇದ್ದ ಮನೆಗಳು ವಾಪಸ್ ಬಂದ್ವು. ಶುರುವಲ್ಲೇ ಈ ನಿಯಮ ಮಾಡ್ಕೊಳ್ರಿ, ಆಮೇಲೆ ಮಾಡೋದು ಕಷ್ಟ.

ಇನ್ನೊಂದು ಬೇಡಿಕೆಗಳದ್ದು. ಬಾಯಿಬಿಟ್ಟು ಹೇಳಿಸಿದ್ರೆ "ನಮ್ಮನೆಯೋರ ಕುಡಿತ ಬಿಡ್ಲಿ" ಅಂತ ಯಾರೋ ಕಣ್ಣೀರು ಹಾಕ್ತಾರೆ, ಬೆಳಗಾಗೋದ್ರೊಳಗೆ ಅದು ಇಡೀ ಬೀದಿಗೆ ಗೊತ್ತಾಗಿರುತ್ತೆ. ಡಬ್ಬಿಯೊಂದನ್ನ ಇಟ್ಟು ಹೆಸರಿಲ್ದ ಚೀಟಿ ಹಾಕಿಸ್ರಿ, ಎಲ್ಲಾ ಚೀಟಿಗೂ ಸೇರಿ ಒಂದು ಪರಲೋಕ ಪ್ರಾರ್ಥನೆ, ಒಂದು ನಮೋ ಮರಿಯಾ. ಅಕ್ಕಪಕ್ಕದ ಲಿಂಗಾಯತರ ಮನೆ, ಸಾಬರ ಮನೆ ಹೆಂಗಸ್ರೂ ಆರೋಗ್ಯಮಾತೆ ನೊವೇನಾ ಟೈಮಲ್ಲಿ ಬಂದು ಚೀಟಿ ಹಾಕಿ ಹೋಗ್ತಾರೆ ನಮ್ಮಲ್ಲಿ.

ಭಾಷೆ ಬಗ್ಗೆ ಜಗಳ ಬರ್ಬಹುದು, ಕೊಂಕಣಿ, ತಮಿಳು, ಮಲಯಾಳಂ ಎಲ್ಲಾ ಇರ್ತಾರಲ್ಲ. ನೊವೇನಾ ಪ್ರಾರ್ಥನೆ ಕನ್ನಡದಲ್ಲಿ ಇಟ್ಕೊಂಡು ಜಪಸರದ ಒಂದೊಂದು ದಶಕ (ಹತ್ತು ಮಣಿಯ ಭಾಗ) ಒಂದೊಂದು ಭಾಷೇಲಿ ಹೇಳಿದ್ರೆ ಯಾರಿಗೂ ಬೇಜಾರಿಲ್ಲ. ಎಲ್ಲಾ ಸೇರಿ ನಲವತ್ತು ನಿಮಿಷ ದಾಟಬಾರ್ದು, ಎಷ್ಟೇ ಚೆನ್ನಾಗಿ ಹಾಡೋರಿದ್ರೂ.

ಶುರು ಮಾಡೋ ಮುಂಚೆ ಫಾದರ್‌ಗೆ ಹೇಳಿ, ಚರ್ಚಲ್ಲಿ ನೊವೇನಾ ಇರೋ ಹೊತ್ತಿಗೆ ನಿಮ್ಮನೇಲಿ ಬೇರೆ ಇಟ್ಕೋಬೇಡ್ರಿ, ಪ್ರಾರ್ಥನೆ ಪುಸ್ತಕನೂ ಅವರನ್ನೇ ಕೇಳಿ ತಗೊಳ್ರಿ. ಭಾನುವಾರ ಪೂಜೆ ಮುಗಿದ್ಮೇಲೆ ಒಂದು ಅನೌನ್ಸ್‌ಮೆಂಟ್ ಮಾಡ್ಸಿದ್ರೆ ನಿಮ್ಗೆ ಗೊತ್ತಿಲ್ದೇ ಇರೋ ಮನೆಯೋರೂ, ರೂಮ್ ಮಾಡ್ಕೊಂಡಿರೋ ಕೇರಳದ ನರ್ಸಿಂಗ್ ಹುಡುಗೀರೂ ಸಿಗ್ತಾರೆ, ಅವರಲ್ಲಿ ಗಿಟಾರ್ ನುಡಿಸೋರು ಒಬ್ಬರಾದ್ರೂ ಇದ್ದೇ ಇರ್ತಾರೆ.