ಕೊಂಬಿದ್ದ ಹಡಗುಗಳು

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಯುದ್ಧನೌಕೆಗಳ ಹುಚ್ಚು ಬಹಳ. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಸೃಷ್ಟಿಸಿದ, ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೆಮೊ ಟಿಪ್ಪು ಸುಲ್ತಾನನ ಸಂಬಂಧಿ ಎಂದು ನಮ್ಮ ಅಜ್ಜ ಹೇಳುತ್ತಾರೆ. ನಿಜವೇ? ಇನ್ನೊಂದು ಸಂದೇಹ. ವಿದ್ಯುತ್ತಿನಿಂದ ಓಡುವ ಜಲಾಂತರ್ಗಾಮಿಯನ್ನೇ ಕಲ್ಪಿಸಿದ ಲೇಖಕನಿಗೆ, ಶತ್ರುವಿನ ಹಡಗನ್ನು ಗೂಳಿಯಂತೆ ಗುದ್ದುವುದು ಬಿಟ್ಟು ಬೇರೆ ಉಪಾಯ ಹೊಳೆಯಲಿಲ್ಲವೇ?
– ಓದುಗ, ಕಾರವಾರ

ಉತ್ತರ: ಕಥೆಯ ಮಟ್ಟಿಗೆ ಅಜ್ಜನ ಮಾತು ನಿಜ. ನೆಮೊನನ್ನು ರಷ್ಯದ ಮೇಲೆ ಸೇಡು ತೀರಿಸಿಕೊಳ್ಳುವ ಪೋಲೆಂಡಿನವನನ್ನಾಗಿ ಮಾಡಬೇಕೆಂದು ವರ್ನ್‌ಗೆ ಆಸೆಯಿತ್ತು; ಪ್ರಕಾಶಕರು ಒಪ್ಪಲಿಲ್ಲ. ಹಾಗಾಗಿ ನೆಮೊ ಕಾಣಿಸಿಕೊಂಡ ಮೊದಲ ಕಾದಂಬರಿಯಲ್ಲಿ ಅವನ ಊರು ಕೇರಿ ಗುಟ್ಟಾಗಿಯೇ ಉಳಿಯಿತು. 1875ರಲ್ಲಿ ಮುಗಿದ ಇನ್ನೊಂದು ಕಾದಂಬರಿಯಲ್ಲಿ ಅದು ಬಯಲಾಗುತ್ತದೆ: ಆತ ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಹೋರಾಡಿ ಸೋತವನು, ಟಿಪ್ಪುವಿನ ಸೋದರಳಿಯ. ಅಥವಾ ಅಣ್ಣನ ಮಗ. ಫ್ರೆಂಚಿನಲ್ಲಿ ಎರಡಕ್ಕೂ ಒಂದೇ ಪದ! ಬುಂದೇಲ್‌ಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಎಲ್ಲಿಯ ಬೀಗತನ ಎಂದು ನನ್ನನ್ನು ಕೇಳಬೇಡಿ. ವರ್ನ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ.

ಇನ್ನು ಗುದ್ದಾಟ. ಹೈಸ್ಕೂಲಿನಲ್ಲಿ ಆ ಭಾಗ ಓದಿ ನಾನೂ ನಕ್ಕವನೇ. ಮುಂದೆ ನೌಕಾ ಇತಿಹಾಸದ ಪುಸ್ತಕಗಳು ಕೈಗೆ ಸಿಕ್ಕ ಮೇಲೆ ನಗು ನಿಂತಿತು. ವರ್ನ್ ಕಾದಂಬರಿ ಬರೆಯುತ್ತಿದ್ದಾಗ ಗುದ್ದಲೆಂದೇ ಮೂತಿಯಲ್ಲಿ ಚೂಪು ಕೊಂಬಿದ್ದ ಹಡಗು ಹಳೆಯ ಸರಕಲ್ಲ, ಆಗಿನ ಹೊಸ ಫ್ಯಾಷನ್. ಹಡಗುಗಳಿಗೆ ಕಬ್ಬಿಣದ ಕವಚ ಬಂದಿತ್ತು, ಅದನ್ನು ತೂರುವ ಫಿರಂಗಿ ಇನ್ನೂ ಸರಿಯಾಗಿ ಬಂದಿರಲಿಲ್ಲ. 1866ರ ಜುಲೈ 20ರಂದು ಏಡ್ರಿಯಾಟಿಕ್ ಸಮುದ್ರದ ಲಿಸ್ಸಾ ದ್ವೀಪದ ಬಳಿ ಆಸ್ಟ್ರಿಯದ ಹಡಗೊಂದು ಇಟಲಿಯ 'ರೆ ದಿತಾಲಿಯಾ'ಕ್ಕೆ ಗುದ್ದಿತು. ಅದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಚುಕ್ಕಾಣಿ ಕೆಟ್ಟು ಅದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು ಎಂಬುದನ್ನು ಅಡ್ಮಿರಲ್‌ಗಳು ಮರೆತರು, ಗುದ್ದನ್ನು ಮಾತ್ರ ನೆನಪಿಟ್ಟುಕೊಂಡರು. ಮುಂದೆ ಹಲವು ದಶಕ ಹಡಗುಗಳಿಗೆ ಕೊಂಬು ಮೂಡಿಸಿದ್ದೇ ಮೂಡಿಸಿದ್ದು.

ನಿಮ್ಮೂರಿನ ಟಾಗೋರ್ ಕಡಲತೀರದಲ್ಲಿ ನಿಂತಿರುವ 'ಐಎನ್‌ಎಸ್ ಚಪಲ್' ಮುಂದೆ ಹೋಗಿ ಮೂತಿ ನೋಡಿ. ಮೇಲ್ಭಾಗ ಮುಂದಕ್ಕೆ ಚಾಚಿದೆ, ಕೆಳಗಿಳಿದಂತೆ ಹಿಂದಕ್ಕೆ ಸರಿಯುತ್ತದೆ. ಕೊಂಬಿನ ಹಡಗಿನಲ್ಲಿ ಇದು ತಿರುವುಮುರುವು: ಚೂಪು ಇರುವುದು ನೀರಿನ ಕೆಳಗೆ, ಶತ್ರುವಿಗೆ ಕವಚವಿಲ್ಲದ ಜಾಗಕ್ಕೆ ನೆಟ್ಟಗೆ ತಾಗುವಂತೆ.

ಆ ಕೊಂಬು ಶತ್ರುವಿಗಿಂತ ಸ್ವಂತದವರನ್ನೇ ಹೆಚ್ಚು ತಿಂದಿತು. 1893ರಲ್ಲಿ ಲೆಬನಾನಿನ ಟ್ರಿಪೊಲಿಯ ಬಳಿ ಬ್ರಿಟಿಷ್ ನೌಕಾಪಡೆಯ ಕವಾಯತು ನಡೆದಿತ್ತು. ಅಕ್ಕಪಕ್ಕ ಸಾಗುತ್ತಿದ್ದ ಎರಡು ಸಾಲುಗಳು ಒಳಮುಖವಾಗಿ ತಿರುಗಬೇಕೆಂದು ಅಡ್ಮಿರಲ್ ಟ್ರೈಯನ್ ಆಜ್ಞೆ ಕೊಟ್ಟರು. ನಡುವಿನ ಅಂತರ ಸಾಲದೆ 'ಕ್ಯಾಂಪರ್‌ಡೌನ್' ಬಂದು ಅವರದೇ 'ವಿಕ್ಟೋರಿಯಾ'ಕ್ಕೆ ಗುದ್ದಿತು. ಟ್ರೈಯನ್ ಸೇರಿ 358 ಜನ ಸತ್ತರು. ತಪ್ಪು ಲೆಕ್ಕ ಎಂದು ಕಂಡೂ ಕೆಳಗಿನ ಅಧಿಕಾರಿಗಳು ಹಿಂಜರಿಯುತ್ತ ಪಾಲಿಸಿದ್ದರು. ನನಗೆ ಕೊಂಬಿಗಿಂತ ಭಯ ಹುಟ್ಟಿಸುವುದು ಅದು.

ಕೊನೆಗೊಂದು ತಮಾಷೆ. 12 ಇಂಚಿನ ಹತ್ತು ಫಿರಂಗಿ ಹೊತ್ತು 1906ರಲ್ಲಿ ಬಂದ ಬ್ರಿಟನ್ನಿನ 'ಡ್ರೆಡ್‌ನಾಟ್' ಉಳಿದ ಯುದ್ಧನೌಕೆಗಳನ್ನೆಲ್ಲ ಒಮ್ಮೆಗೇ ಹಳತಾಗಿಸಿತು. ಇಡೀ ಮೊದಲ ಮಹಾಯುದ್ಧದಲ್ಲಿ ಅದು ಮುಳುಗಿಸಿದ್ದು ಒಂದೇ ಒಂದು ಶತ್ರು ನೌಕೆಯನ್ನು: 1915ರ ಮಾರ್ಚ್‌ನಲ್ಲಿ, ಜರ್ಮನಿಯ ಯು-29 ಎಂಬ ಜಲಾಂತರ್ಗಾಮಿಯನ್ನು. ಫಿರಂಗಿಯಿಂದಲ್ಲ, ಗುದ್ದಿ.