ನಿಂತ ಹೂವರ್, ಮಲಗಿದ ಎಲೆಕ್ಟ್ರೋಲಕ್ಸ್: ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಯಾವುದು ಜೋರು?

‘ಜೋರು’ ಅಂದರೆ ಏನು ಅನ್ನುವುದರ ಮೇಲೆ ಉತ್ತರ ನಿಂತಿದೆ. 1926ರ ಹೂವರ್ 700ರಂಥ ನಿಲುವಿನ ಯಂತ್ರದಲ್ಲಿ ಕಸವೆಲ್ಲ ಮೊದಲು ಫ್ಯಾನಿನ ಮೂಲಕವೇ ಹಾದು, ಆಮೇಲೆ ಉಬ್ಬಿದ ಬಟ್ಟೆ ಚೀಲಕ್ಕೆ ಬೀಳುತ್ತದೆ. ದಾರಿ ಗಿಡ್ಡ, ಅಗಲ. ಹಾಗಾಗಿ ಗಾಳಿಯ ಹರಿವು (ಸೆಕೆಂಡಿಗೆ ಹಾಯುವ ಗಾಳಿ) ಹೆಚ್ಚು, ಸೆಳೆತ (ಎಳೆಯುವ ಬಲ) ಕಡಿಮೆ. ಒಂದು ಮೊಳೆ ಒಳಗೆ ಹೋದರೂ ಫ್ಯಾನಿನ ಎಲೆ ಮುರಿಯಬಹುದು. ಕೊಳ್ಳುವ ಮುನ್ನ ಕೈಯಲ್ಲೇ ತಿರುಗಿಸಿ ನೋಡಿ. ಕರಕರ ಸದ್ದು ಬಂದರೆ ಬೆಲೆ ಇಳಿಸಿ.

1937ರ ಎಲೆಕ್ಟ್ರೋಲಕ್ಸ್ ಮಾಡೆಲ್ 30ರಲ್ಲಿ ಚೀಲ ಮುಂದೆ, ಫ್ಯಾನ್ ಹಿಂದೆ. ಸೆಳೆತ ಜಾಸ್ತಿ, ಆದರೆ ಉದ್ದನೆಯ ಸಣ್ಣ ಪೈಪಿನಲ್ಲಿ ಹರಿವು ಕುಗ್ಗುತ್ತದೆ. ಚೀಲ ಅರ್ಧ ತುಂಬುವ ಮೊದಲೇ ಸಣ್ಣ ಧೂಳು ಅದರ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಸೆಳೆತ, ಹರಿವು ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಸೆಳೆತಕ್ಕೆ ನೀರು ತುಂಬಿದ ಯು ಆಕಾರದ ಕೊಳವೆ ಸಾಕು, ಆದರೆ ಯಂತ್ರದ ಬಾಯಿ ಮುಚ್ಚಿ ಐದು ಸೆಕೆಂಡ್ ಮೀರಬೇಡಿ: ಎಲೆಕ್ಟ್ರೋಲಕ್ಸ್‌ನ ಮೋಟರ್ ತಣ್ಣಗಾಗುವುದು ಒಳಗೆ ಎಳೆದ ಅದೇ ಗಾಳಿಯಿಂದ. ಹರಿವಿಗೆ 100 ಮಿ.ಮೀ. ಪೈಪ್ ಜೋಡಿಸಿ, ಗಾಳಿಯ ವೇಗ ಅಳೆಯುವ ಅನೆಮೋಮೀಟರ್ ಹಿಡಿಯಿರಿ. ಸರಾಸರಿ ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 24 ಲೀಟರ್. ಯಂತ್ರದ 32 ಮಿ.ಮೀ. ಪೈಪಿನ ಬಾಯಿಗೇ ಹಿಡಿದರೆ ಅನೆಮೋಮೀಟರೇ ಗಾಳಿಗೆ ಅಡ್ಡವಾಗಿ ಲೆಕ್ಕ ತಪ್ಪುತ್ತದೆ.

ಸೋಸುವಿಕೆಯಲ್ಲಿ ಹಳೆಯ ಬಟ್ಟೆ ಚೀಲ ನಿಜಕ್ಕೂ ಕಳಪೆ. ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿ, ಹೊಗೆಯಂತೆ ಧೂಳು ಏಳುವುದು ಕಾಣುತ್ತದೆ.

ಅಮೆರಿಕದಿಂದ ತರಿಸಿದ್ದಾದರೆ ನಮ್ಮ 230 ವೋಲ್ಟಿಗೆ ನೇರ ಚುಚ್ಚಬೇಡಿ, ಮೋಟರ್ ಸುಡುತ್ತದೆ. 110 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು; ರಬ್ಬರ್ ಬಿರುಕು ಬಿಟ್ಟ ಹಳೆಯ ವಯರನ್ನು ಅದಕ್ಕೂ ಮುಂಚೆ ಬದಲಿಸಿ.