ಪುಸ್ತಕ ಕಟ್ಟುವ ಹುಡುಗ ಪ್ರಬಂಧ ಬರೆಯಲಾರದೆ ಹೋದಾಗ

ಈ ವಿದ್ಯಾರ್ಥಿಗೆ 20 ವರ್ಷ. ವಸತಿ ಕಾಲೇಜೊಂದರಲ್ಲಿ ಪದವಿಯ ಎರಡನೇ ವರ್ಷ ಓದುತ್ತಿದ್ದಾನೆ. ಇತಿಹಾಸ, ಸಾಹಿತ್ಯ ಮುಖ್ಯ ವಿಷಯಗಳು. ಅದರ ಜೊತೆಗೆ ಪುಸ್ತಕ ಕಲೆಯ ಕೋರ್ಸು: ಅಚ್ಚುಮೊಳೆ ಜೋಡಿಸಿ ಮುದ್ರಿಸುವುದು, ಕೈಹೊಲಿಗೆಯ ಬೈಂಡಿಂಗ್, ಕಾಗದ ತಯಾರಿಕೆ, ಪುಸ್ತಕದ ಚರಿತ್ರೆ. ಅವನ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಅವನ ಒಪ್ಪಿಗೆಯಿದೆ.

ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದವನೇ ನೇರವಾಗಿ ಹೇಳಿದ: “ಮೇಡಂ, ನಾನು ಓದು ಬಿಡಬೇಕು ಅಂತಿದೀನಿ. ಮಾನವಿಕ ವಿಷಯ ನನಗೆ ಹೇಳಿದ್ದಲ್ಲ. ಬರೆಯೋಕೇ ಆಗ್ತಿಲ್ಲ.” ಆ ಸೆಮಿಸ್ಟರಿನಲ್ಲಿ ಅವನು ಮೂರು ಪ್ರಬಂಧ ಕೊಡಬೇಕಿತ್ತು. ಒಂದನ್ನೂ ಕೊಟ್ಟಿರಲಿಲ್ಲ. ಪುಸ್ತಕ ಕಲೆಯ ವರ್ಕ್‌ಶಾಪಿನಲ್ಲಿ ಮಾತ್ರ ತರಗತಿಗೆಲ್ಲ ಅವನದೇ ಅತ್ಯುತ್ತಮ ಕೆಲಸ. ರಾತ್ರಿ ಬಾಗಿಲು ಹಾಕುವವರೆಗೂ ಅಲ್ಲೇ ಇರುತ್ತಿದ್ದ. ಮೂವರು ಅವನಿಗೆ ಮೂರು ಸಲಹೆ ಕೊಟ್ಟಿದ್ದರು. ಪುಸ್ತಕ ಕಲೆ ಬಿಟ್ಟರೆ ಸಮಯ ಸಿಗುತ್ತದೆ ಎಂದು ವಾರ್ಡನ್, ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡು ಕೂತು ಬರೆದುಬಿಡು ಎಂದು ರೂಮ್‌ಮೇಟ್, ಬೈಂಡಿಂಗ್ ಕಲಿಯೋಕೆ ಡಿಗ್ರಿ ಯಾಕೆ ಬೇಕು ಎಂದು ಅಪ್ಪ.

ಮೊದಲು ನಾನು ಕೇಳಿದ್ದು ನಿದ್ದೆ, ಊಟ, ಮನಸ್ಸಿನ ಸ್ಥಿತಿಯ ಬಗ್ಗೆ. ನಿದ್ದೆ ಪೂರ್ತಿ ಕೆಟ್ಟಿತ್ತು. ಊಟದ ಹಾಲ್‌ಗೆ ಹೋಗುವುದನ್ನು ಬಿಟ್ಟಿದ್ದ, ಯಾಕೆಂದರೆ ಇತಿಹಾಸದ ಪ್ರಾಧ್ಯಾಪಕರು ಅಲ್ಲೇ ಊಟ ಮಾಡುತ್ತಾರೆ. ವರ್ಕ್‌ಶಾಪಿನ ತುಂಬ ಹರಿತವಾದ ಬ್ಲೇಡು, ದಬ್ಬಳಗಳಿರುತ್ತವೆ. ಅಲ್ಲಿ ಒಬ್ಬನೇ ಹೊತ್ತು ಕಳೆಯುವ ಹುಡುಗನಾದ್ದರಿಂದ, ಸಾಯಬೇಕೆಂದೋ ತನಗೆ ಗಾಯ ಮಾಡಿಕೊಳ್ಳಬೇಕೆಂದೋ ಯಾವಾಗಲಾದರೂ ಅನಿಸಿದೆಯೇ ಎಂದು ಸುತ್ತು ಬಳಸದೆ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಪೋಷಕರಲ್ಲೂ ಅಧ್ಯಾಪಕರಲ್ಲೂ ಇದೆ. ಆ ಭಯಕ್ಕೆ ಆಧಾರವಿಲ್ಲ. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂಥ ಯೋಚನೆ ಅವನಿಗೆ ಬಂದಿರಲಿಲ್ಲ. ಇಷ್ಟದ ಕೆಲಸದಲ್ಲಿ ಸಂತೋಷ ಇನ್ನೂ ಉಳಿದಿತ್ತು. ಆದರೂ ನಿದ್ದೆಯ ಸಲುವಾಗಿ ವೈದ್ಯರನ್ನು ಒಮ್ಮೆ ನೋಡಿ ಬರಲು ಹೇಳಿದೆ. ಹೋಗಿ ಬಂದ.

ವಸತಿ ಕಾಲೇಜಿನ ಒಂದು ಕಷ್ಟವನ್ನು ಹೊರಗಿನವರು ಸುಲಭವಾಗಿ ಊಹಿಸಲಾರರು. ಓದುವ ಜಾಗ, ಮಲಗುವ ಜಾಗ, ಅಂಕ ಕೊಡುವವರು ಓಡಾಡುವ ಜಾಗ ಎಲ್ಲ ಒಂದೇ. ಹತ್ತು ಹದಿನೈದು ಜನರ ಸೆಮಿನಾರಿನಲ್ಲಿ ಯಾರು ಓದಿ ಬಂದಿಲ್ಲ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅದೇ ಮುಖಗಳು ಸಂಜೆ ಹಾಸ್ಟೆಲ್ ಕಾರಿಡಾರಿನಲ್ಲಿ ಎದುರಾಗುತ್ತವೆ. ತರಗತಿಯಲ್ಲಿ ಆದ ಮುಜುಗರವನ್ನು ಮನೆಗೆ ಹೋಗಿ ಕಳೆದುಕೊಳ್ಳುವಂತಿಲ್ಲ. ಹೀಗಾಗಿ ತಡವಾದ ಒಂದು ಪ್ರಬಂಧ ಊಟ, ನಿದ್ದೆ, ಗೆಳೆತನಗಳನ್ನೂ ಸೇರಿ ಕೆಡಿಸಬಲ್ಲದು. ನನ್ನ ಕೊಠಡಿಯಿರುವುದೂ ಅದೇ ಆವರಣದಲ್ಲಿ. ಅದಕ್ಕೇ ಎಲ್ಲರಿಗೂ ಹೇಳುವುದನ್ನು ಅವನಿಗೂ ಹೇಳಿದೆ: ಹೊರಗೆ ಎದುರು ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ, ನೀವು ನಕ್ಕರೆ ನಗುತ್ತೇನೆ, ಜೀವಕ್ಕೆ ಅಪಾಯವಿದೆ ಎನಿಸಿದಾಗ ಬಿಟ್ಟು, ಇಲ್ಲಿ ಆಡಿದ್ದು ವಾರ್ಡನ್‌ಗಾಗಲಿ ಮನೆಗಾಗಲಿ ಹೋಗುವುದಿಲ್ಲ.

ಆಮೇಲೆ ವರ್ಕ್‌ಶಾಪಿನ ಬಗ್ಗೆ ಕೇಳಿದೆ. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದವನು ಮಾತಾಡತೊಡಗಿದ. ಕಾಗದಕ್ಕೆ ಗ್ರೇನ್ ಇರುತ್ತದೆ, ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ; ಆ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇಲ್ಲದಿದ್ದರೆ ಹಾಳೆ ಸರಿಯಾಗಿ ಮಡಚುವುದಿಲ್ಲ, ಅಂಟಿನ ತೇವಕ್ಕೆ ರಟ್ಟು ಸೊಟ್ಟಗಾಗುತ್ತದೆ ಎಂದ. ಅಲ್ಲಿಂದ ಚರಿತ್ರೆಗೆ ಹೊರಳಿದ. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಇಟಲಿಯ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ನೀರು, ಕೆಸರು ನುಗ್ಗಿದಾಗ ರಟ್ಟಿನ ಗಡುಸು ಬೈಂಡಿನ ಎಷ್ಟೋ ಪುಸ್ತಕಗಳು ಕೆಟ್ಟವಂತೆ. ಅಂಟು ಕಡಿಮೆ ಬಳಸಿ ಮೆತ್ತನೆಯ ಚರ್ಮಕಾಗದದಲ್ಲಿ ಕಟ್ಟಿದ ಹಳೆಯ ಪುಸ್ತಕಗಳು ಚೆನ್ನಾಗಿ ಉಳಿದವಂತೆ. ಅವುಗಳ ರಚನೆಯನ್ನು ನೋಡಿಯೇ ಸಂರಕ್ಷಕರು ಎಷ್ಟೋ ಹೊಸದನ್ನು ಕಲಿತರು ಎಂದು ಹೇಳುವಾಗ ಅವನ ಕೈಗಳೂ ಮಾತಾಡುತ್ತಿದ್ದವು.

ಕೊಡಲಾಗದ ಪ್ರಬಂಧಗಳ ವಿಷಯವೇನು ಎಂದು ಕೇಳಿದೆ. ಒಂದು, ಪುಸ್ತಕದ ಆಕಾರ ಮತ್ತು ಓದಿನ ಚರಿತ್ರೆ. “ಏನು ಬರೆಯಬೇಕು ಅಂತಿದ್ರಿ?” ಎಂದೆ. ಮುದ್ರಣ ಬಂದದ್ದರಿಂದ ಪುಸ್ತಕ ಹುಟ್ಟಿತು ಅಂದುಕೊಳ್ಳುತ್ತೇವೆ, ಅದು ತಪ್ಪು ಎಂದು ಶುರುಮಾಡಿದ. ರೋಮನ್ ಜಗತ್ತಿನಲ್ಲಿ ಕ್ರಿ.ಶ. ಮೊದಲ ಕೆಲವು ಶತಮಾನಗಳಲ್ಲೇ ಸುರುಳಿಯ ಜಾಗಕ್ಕೆ ಮಡಚಿ ಹೊಲಿದ ಪುಸ್ತಕ ಬಂತು. ಗುಟೆನ್‌ಬರ್ಗ್ 1450ರ ದಶಕದಲ್ಲಿ ಯುರೋಪಿನಲ್ಲಿ ಅಚ್ಚುಮೊಳೆ ಜೋಡಿಸಿ ಮುದ್ರಿಸುವ ಹೊತ್ತಿಗೆ ಆ ಆಕಾರಕ್ಕೆ ಸಾವಿರ ವರ್ಷ ದಾಟಿತ್ತು. ಇನ್ನೊಂದು ಕಡೆ, ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಬೌದ್ಧ ಗ್ರಂಥ ವಜ್ರಸೂತ್ರವನ್ನು 868ರಲ್ಲಿ ಮುದ್ರಿಸಿದ್ದು ಸುರುಳಿಯಾಗಿ. ಆದ್ದರಿಂದ ಮುದ್ರಣದ ಕಥೆ ಬೇರೆ, ಆಕಾರದ ಕಥೆ ಬೇರೆ. ಬೇಕಾದ ಪುಟಕ್ಕೆ ನೇರ ಹೋಗುವುದು, ಬೆರಳಿಟ್ಟುಕೊಂಡು ಎರಡು ಕಡೆ ಹೋಲಿಸುವುದು, ಇವೆಲ್ಲ ಆಕಾರದಿಂದ ಬಂದದ್ದು ಎಂದ.

ಅವನು ಹೇಳುತ್ತಿದ್ದಂತೆ ಅವನ ಒಪ್ಪಿಗೆ ಕೇಳಿ ನಾನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದೆ. ಅದನ್ನು ಅವನ ಮುಂದಿಟ್ಟೆ. ಒಂದು ವಾದ, ಎರಡು ಉದಾಹರಣೆ, ಒಂದು ತೀರ್ಮಾನ. ಅವನು ಅದನ್ನು ಓದಿ, “ಇದು ಬರೀ ಮಾತು ಮೇಡಂ, ಪ್ರಬಂಧ ಅಲ್ಲ” ಎಂದ.

ಪ್ರಕರಣದ ತಿರುಳು ನನಗೆ ಸಿಕ್ಕಿದ್ದು ಈ ಮಾತಿನಲ್ಲಿ. ಬುದ್ಧಿಯ ಕೊರತೆ ಇರಲಿಲ್ಲ, ವಿಷಯದ ಮೇಲೆ ಪ್ರೀತಿಯಿತ್ತು, ಕೋರ್ಸಿನ ಆಯ್ಕೆಯೂ ತಪ್ಪಿರಲಿಲ್ಲ. ಪ್ರಬಂಧದ ಮೊದಲ ವಾಕ್ಯವೇ ಕೊನೆಯ ರೂಪದಲ್ಲಿ ಬರಬೇಕೆಂದು ಅವನು ಕಾಯುತ್ತಿದ್ದ. ಬಾರದಿದ್ದಾಗ ಆತಂಕ, ಆತಂಕ ತಡೆಯಲಾರದೆ ವರ್ಕ್‌ಶಾಪ್. ಅಲ್ಲಿ ಕೂತು ಫಾರಂ (ಪುಟಗಳಾಗಿ ಮಡಚಿದ ಹಾಳೆ) ಹೊಲಿದರೆ ಎದೆ ಹಗುರಾಗುತ್ತಿತ್ತು. ಹಗುರಾದಷ್ಟೂ ಮರುದಿನ ಪ್ರಬಂಧದ ಎದುರು ಕೂರುವುದು ಇನ್ನಷ್ಟು ಕಷ್ಟ. ತಪ್ಪಿಸಿಕೊಂಡಾಗ ಸಿಗುವ ಆ ತತ್‌ಕ್ಷಣದ ನೆಮ್ಮದಿಯೇ ತಪ್ಪಿಸಿಕೊಳ್ಳುವುದನ್ನು ಗಟ್ಟಿಮಾಡುತ್ತದೆ. ಸೋಮಾರಿತನ ಎಂದು ಬೈದರೆ ಆತಂಕ ಹೆಚ್ಚುತ್ತದೆಯೇ ಹೊರತು ಪ್ರಬಂಧ ಮುಂದೆ ಸಾಗುವುದಿಲ್ಲ.

ಪುಸ್ತಕ ಕಲೆ ಬಿಡಿಸುವ ಸಲಹೆಯನ್ನು ನಾನು ಒಪ್ಪಲಿಲ್ಲ. ಆ ಹುಡುಗನಿಗೆ ತಾನು ಬಲ್ಲವನು ಎಂಬ ನಂಬಿಕೆ ಉಳಿದಿದ್ದ ಒಂದೇ ಜಾಗ ಅದು. ಅದನ್ನು ಕಿತ್ತುಕೊಂಡರೆ ಸಮಯವೇನೋ ಸಿಗುತ್ತಿತ್ತು. ಆ ಸಮಯದಲ್ಲಿ ಅವನು ಹಾಸಿಗೆಯ ಮೇಲೆ ಗೋಡೆ ನೋಡುತ್ತಾ ಕೂರುತ್ತಿದ್ದ. ಅದೂ ಅಲ್ಲದೆ, ಅವನಿಗೆ ಬೇಕಿದ್ದ ವಿಧಾನ ಅದೇ ಕೋರ್ಸಿನಲ್ಲಿತ್ತು. ನಾನು ಕೇಳಿದೆ: “ಪುಸ್ತಕ ಕಟ್ಟುವಾಗ ಮೊದಲೇ ಒಳ್ಳೆ ಕಾಗದ ಕತ್ತರಿಸ್ತೀರಾ?” ಅವನು ಗಾಬರಿಯಿಂದ “ಛೇ, ಇಲ್ಲ” ಎಂದ. ಮೊದಲು ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ. ಒಂದು ಹಾಳೆಯನ್ನು ಮೂರು ಸಲ ಮಡಚಿದರೆ 16 ಪುಟ. ಬಿಡಿಸಿದರೆ 1ನೇ ಪುಟದ ಪಕ್ಕದಲ್ಲಿ 16ನೇ ಪುಟ ಕೂತಿರುತ್ತದೆ. ತಲೆಯಲ್ಲೇ ಲೆಕ್ಕ ಹಾಕಹೋದರೆ ತಪ್ಪುತ್ತದೆ. ಅದಕ್ಕೆ ಯಾವುದೋ ರದ್ದಿ ಕಾಗದ ಮಡಚಿ, ಪುಟಸಂಖ್ಯೆ ಗೀಚಿ ನೋಡುತ್ತಾರೆ. ಮೊಳೆ ಜೋಡಿಸಿದ ಮೇಲೂ ನೇರ ಅಚ್ಚಿಗೆ ಹೋಗುವುದಿಲ್ಲ. ಪ್ರೂಫ್, ಅಂದರೆ ತಪ್ಪು ನೋಡಲು ಒಂದು ಪರೀಕ್ಷೆಯ ಅಚ್ಚು ತೆಗೆದು, ತಲೆಕೆಳಗಾದ ಅಕ್ಷರ ಹುಡುಕಿ, ಸರಿಪಡಿಸಿ, ಮತ್ತೆ ಪ್ರೂಫ್ ತೆಗೆಯುತ್ತಾರೆ. ಪ್ರೂಫಿನಲ್ಲಿ ತಪ್ಪು ಸಿಕ್ಕಿದರೆ ಅಲ್ಲಿ ಯಾರೂ ನಾಚುವುದಿಲ್ಲ, ಅದಕ್ಕಾಗಿಯೇ ಅದನ್ನು ತೆಗೆಯುವುದು.

ನಾನು ಕೊಟ್ಟ ಸಲಹೆಗಳೆಲ್ಲ ಇದರಿಂದಲೇ ಹೊರಟವು. ಪ್ರಬಂಧಕ್ಕೂ ಒಂದು ಡಮ್ಮಿ ಮಾಡಿ ಎಂದೆ: ಒಂದೇ ಪುಟ, ರದ್ದಿ ಕಾಗದದ ಮೇಲೆ, ಕೈಬರಹದಲ್ಲಿ. ಎಷ್ಟು ಭಾಗ, ಯಾವ ಭಾಗದಲ್ಲಿ ಯಾವ ಉದಾಹರಣೆ ಅನ್ನುವುದಷ್ಟೇ ಸಾಕು. ಚೆಂದದ ವಾಕ್ಯ ಬಂದರೆ ಬೇರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಡಮ್ಮಿಯ ಮೇಲೆ ಬೇಡ. ಆಮೇಲೆ ಅದನ್ನು ಬಾಯಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳುತ್ತಾ ಬರೆದುಕೊಳ್ಳಿ. ಬಂದದ್ದು ಪ್ರೂಫ್. ಅದರಲ್ಲಿ ತಪ್ಪು ಇರುವಾಗಲೇ ಪ್ರಾಧ್ಯಾಪಕರಿಗೆ ತೋರಿಸಬೇಕು.

ಈ ಕೊನೆಯದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೂರು ಪ್ರಬಂಧ ಬಾಕಿ ಉಳಿಸಿಕೊಂಡು, ಅರ್ಧಂಬರ್ಧ ಪುಟ ಹಿಡಿದು ಅವರ ಬಾಗಿಲು ತಟ್ಟುವುದಾದರೂ ಹೇಗೆ? ಇಮೇಲ್ ಬರೆಯಲು ಕೂತರೆ ಕ್ಷಮೆ ಕೇಳುವುದರಲ್ಲೇ ಪುಟ ತುಂಬುತ್ತಿತ್ತು. ನನ್ನ ಕೊಠಡಿಯಲ್ಲೇ ಕೂತು ಅದನ್ನು ಸಣ್ಣದು ಮಾಡಿದೆವು: “ಸರ್, ನನ್ನ ಪ್ರಬಂಧ ತಡವಾಗಿದೆ. ಒಂದು ಪುಟದ ರೂಪರೇಷೆ ಸಿದ್ಧವಾಗಿದೆ. ಗುರುವಾರ ಬಂದು ತೋರಿಸಬಹುದೇ?” ಕಾರಣ, ಕಣ್ಣೀರು, ಭರವಸೆ ಯಾವುದೂ ಬೇಡ. ಒಂದು ಕೋರಿಕೆ, ಒಂದು ದಿನ. ಇಂಥ ಪತ್ರಕ್ಕೆ ಅಧ್ಯಾಪಕರು ಉತ್ತರ ಕೊಡುವುದು ಸುಲಭ. ಅವನ ಪ್ರಾಧ್ಯಾಪಕರು ಅದೇ ಸಂಜೆ ಉತ್ತರಿಸಿದರು. ರೂಪರೇಷೆ ನೋಡಿ, ವಜ್ರಸೂತ್ರದ ಉದಾಹರಣೆಯನ್ನು ಮೊದಲಿಗೆ ತರಲು ಹೇಳಿದರಂತೆ. ಅಷ್ಟು ದಿನ ಹೆದರಿದ್ದ ತೀರ್ಪು ಅಷ್ಟೇ ಇತ್ತು.

ವರ್ಕ್‌ಶಾಪಿಗೆ ಒಂದು ಹೊತ್ತು ಗೊತ್ತುಮಾಡಿದೆವು. ಬರವಣಿಗೆ ಬೆಳಿಗ್ಗೆ, ಹೊಲಿಗೆ ಮಧ್ಯಾಹ್ನದ ಮೇಲೆ, ರಾತ್ರಿ ಊಟದ ನಂತರ ವರ್ಕ್‌ಶಾಪ್ ಇಲ್ಲ. ಬರೆಯಲು ಆಗಲಿಲ್ಲ ಎಂಬ ದಿನವೂ ಮಧ್ಯಾಹ್ನ ಹೋಗಬಹುದು ಎಂದೆ. ಇದನ್ನು ಕೇಳಿ ಅವನಿಗೆ ಆಶ್ಚರ್ಯವಾಯಿತು. ಇಷ್ಟದ ಕೆಲಸವನ್ನು ಬಹುಮಾನವಾಗಿ ಕಟ್ಟಿಹಾಕಿದರೆ ಬರವಣಿಗೆ ಶಿಕ್ಷೆಯಾಗಿ ಕಾಣತೊಡಗುತ್ತದೆ, ಅದು ಬೇಡವಿತ್ತು. ಊಟಕ್ಕೆ ಗೆಳೆಯನೊಬ್ಬನ ಜೊತೆ, ಜನ ಕಡಿಮೆ ಇರುವ ಹೊತ್ತಿಗೆ ಹೋಗುವುದರಿಂದ ಶುರುಮಾಡಿದ. ನಿದ್ದೆ ಸುಧಾರಿಸಿದ್ದು ಇವೆಲ್ಲದರ ನಂತರ, ನಿಧಾನವಾಗಿ.

ಓದು ಬಿಡುವ ಪ್ರಶ್ನೆಗೆ ಆಗ ಉತ್ತರ ಹುಡುಕಬೇಡಿ ಎಂದಿದ್ದೆ. ನಿದ್ದೆಗೆಟ್ಟು, ಕೆಲಸ ಬಾಕಿಯಿರುವಾಗ ಎಲ್ಲ ಕೋರ್ಸೂ ತಪ್ಪು ಕೋರ್ಸಾಗಿಯೇ ಕಾಣುತ್ತದೆ. ಸೆಮಿಸ್ಟರ್ ಮುಗಿದು, ಎರಡು ವಾರ ಚೆನ್ನಾಗಿ ಮಲಗಿ ಎದ್ದ ಮೇಲೂ ಬಿಡಬೇಕೆನಿಸಿದರೆ ಆಗ ಅದಕ್ಕೆ ಬೆಲೆ ಕೊಡೋಣ ಎಂದೆ.

ಅಪ್ಪನ ಮಾತಿಗೆ ಬರುತ್ತೇನೆ. ಅವನು ಅದನ್ನು ಅವಮಾನವಾಗಿ ತೆಗೆದುಕೊಂಡಿದ್ದ. ನನಗೆ ಅದರಲ್ಲಿ ಕೇಳಿಸಿದ್ದು ಭಯ. ಸಾಲ ಮಾಡಿ ಓದಿಸುತ್ತಿರುವ ತಂದೆಗೆ ಮಗ ಮುಂದೇನು ಮಾಡುತ್ತಾನೆ ಎಂಬುದರ ಚಿತ್ರವೇ ಇರಲಿಲ್ಲ, ಯಾಕೆಂದರೆ ಮಗ ಆ ಬಗ್ಗೆ ಏನನ್ನೂ ಹೇಳಿರಲಿಲ್ಲ. “ನನಗೆ ಇಷ್ಟ” ಎನ್ನುವುದು ಆ ಭಯಕ್ಕೆ ಉತ್ತರವಲ್ಲ. ಅಪ್ಪನ ಬಳಿ ಪ್ರಾಮಾಣಿಕವಾದ ವಿವರ ಇಟ್ಟುಕೊಂಡು ಮಾತಾಡಿ ಎಂದೆ. ಪತ್ರಾಗಾರ, ಗ್ರಂಥಾಲಯ, ವಸ್ತುಸಂಗ್ರಹಾಲಯ, ಪ್ರಕಾಶನ, ಪುಸ್ತಕ ವಿನ್ಯಾಸ, ಬೋಧನೆ, ಸಂಶೋಧನೆ ಇವೆಲ್ಲ ಈ ಓದಿನಿಂದ ಹೋಗಬಹುದಾದ ದಾರಿಗಳು. ಹಸ್ತಪ್ರತಿ ಮತ್ತು ಪುಸ್ತಕಗಳ ಸಂರಕ್ಷಣೆ ಒಂದು ನಿಜವಾದ ವೃತ್ತಿ, ಆದರೆ ಅದಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ತರಬೇತಿ ಬೇಕು, ರಸಾಯನಶಾಸ್ತ್ರದ ತಿಳಿವಳಿಕೆಯೂ ಬೇಕು. ಕೈಯಾರೆ ಮುದ್ರಿಸಿ ಕಟ್ಟಿದ ಪುಸ್ತಕಗಳನ್ನು ಮಾರಿಯೇ ಜೀವನ ನಡೆಸುವುದು ಬಹಳ ಕಷ್ಟ. ಈ ಕೊನೆಯ ಮಾತನ್ನೂ ಮುಚ್ಚಿಡಬೇಡಿ ಎಂದೆ. ಮಗ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ ಎಂದು ಗೊತ್ತಾದರೆ ಅಪ್ಪನ ಧೈರ್ಯ ಹೆಚ್ಚುತ್ತದೆ. ಅದೇ ವಿಭಾಗದ ಹಳೆಯ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆಂದು ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಲು ಹೇಳಿದೆ. ರಜೆಗೆ ಹೋದಾಗ ತಾನು ಕಟ್ಟಿದ ಪುಸ್ತಕವನ್ನೂ, ಇತಿಹಾಸದ ಪ್ರಬಂಧವನ್ನೂ ಜೊತೆಗೆ ಒಯ್ದು ತೋರಿಸಿದನಂತೆ. ಅಪ್ಪ ಪ್ರಬಂಧ ಓದಿಲ್ಲ. ಸ್ನಾತಕೋತ್ತರಕ್ಕೆ ಎಷ್ಟು ಖರ್ಚಾಗುತ್ತದೆ, ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂದು ಕೇಳಿದ್ದಾರೆ. ಮಾತುಕತೆ ಸರಿಯಾದ ಜಾಗಕ್ಕೆ ಬಂದಿದೆ ಎಂದೇ ನನ್ನ ಭಾವನೆ.

ಮೂರರಲ್ಲಿ ಎರಡು ಪ್ರಬಂಧ ತಡವಾಗಿಯಾದರೂ ಸಲ್ಲಿಕೆಯಾದವು. ಮೂರನೆಯದರ ಕಾಲಾವಕಾಶ ಮೀರಿತ್ತು, ಆ ವಿಷಯವನ್ನು ಮತ್ತೊಮ್ಮೆ ಓದಬೇಕು. ಅವನು ಕಾಲೇಜಿನಲ್ಲಿಯೇ ಮುಂದುವರಿದಿದ್ದಾನೆ. ಮೊದಲ ವಾಕ್ಯಕ್ಕಾಗಿ ಕಾಯುವ ಅಭ್ಯಾಸ ಪೂರ್ತಿ ಹೋಗಿಲ್ಲ, ಒತ್ತಡ ಹೆಚ್ಚಿದಾಗ ಮರಳಿ ಬರುತ್ತದೆ. ಈಗ ಅದನ್ನು ಅವನೇ ಗುರುತಿಸಿ ರೂಪರೇಷೆಯೊಂದಿಗೆ ಅಧ್ಯಾಪಕರ ಬಳಿ ಹೋಗುತ್ತಾನೆ. ಮುಂದಿನ ವರ್ಷ ಬರೆಯಬೇಕಾದ ದೊಡ್ಡ ಪ್ರಬಂಧವನ್ನು ತಾನೇ ಮುದ್ರಿಸಿ ಕಟ್ಟಿದ ಪುಸ್ತಕವಾಗಿ ಒಪ್ಪಿಸಬೇಕೆಂಬ ಆಸೆ ಅವನಿಗಿದೆ. ಒಳ್ಳೆಯ ಆಸೆ, ಹಳೆಯ ಅಪಾಯವೂ ಅದರಲ್ಲೇ ಇದೆ. ಪಠ್ಯ ಪೂರ್ತಿಯಾಗಿ ಒಪ್ಪಿಗೆಯಾಗುವ ತನಕ ಕಾಗದ ಕತ್ತರಿಸುವುದಿಲ್ಲ ಎಂಬ ಷರತ್ತನ್ನು ಈಗಲೇ ಮಾರ್ಗದರ್ಶಕರ ಜೊತೆ ಮಾತಾಡಿ, ದಿನಾಂಕ ಸಮೇತ ಬರೆದಿಟ್ಟುಕೊಳ್ಳಲು ಹೇಳಿದ್ದೇನೆ.